ಹಿಡಿ ಅಂದರೆ ಇಡಿ

ಮಾರ್ಚ್ 3, ಸೋಮವಾರ

‘ಹ’ ಬರುವುದಿಲ್ಲ. ಇನ್ನು ಮುಂದೆಯೂ ಬರುವುದಿಲ್ಲ. ಹೀಗೆಂದವರು ಮಾತಿನ ಟೀಚರ್, ಇಂದು ಬೆಳಿಗ್ಗೆ, ಆಸ್ಪತ್ರೆಯ ಎರಡನೇ ಮಹಡಿಯ ತಮ್ಮ ಕೋಣೆಯಲ್ಲಿ. ಉಳಿದ ಅಕ್ಷರಗಳೆಲ್ಲ ಪಾಸು. ಕೆಲವು ಗ್ರೇಸ್ ಮಾರ್ಕಿನಲ್ಲಿ.

ಅವರ ವಿವರಣೆ: ‘ಹ’ ಅನ್ನುವುದು ಬರೀ ಉಸಿರು. ಧ್ವನಿಪೆಟ್ಟಿಗೆ ದಾಟಿ ಸುಮ್ಮನೆ ಹೊರಬರುವ ಉಸಿರು. ನನ್ನ ಧ್ವನಿಪೆಟ್ಟಿಗೆಯನ್ನು ಎರಡು ವರ್ಷದ ಹಿಂದೆ ಕ್ಯಾನ್ಸರ್ ಸಮೇತ ತೆಗೆದಿದ್ದಾರೆ. ಉಸಿರಾಟ ಈಗ ಕುತ್ತಿಗೆಯ ಬುಡದ ತೂತಿನಿಂದ. ಕಳೆದ ತಿಂಗಳು ಆ ತೂತಿನೊಳಗೆ ಪುಟ್ಟ ವಾಲ್ವ್ ಒಂದನ್ನು ಕೂರಿಸಿದರು. ತೂತಿಗೆ ಬೆರಳು ಒತ್ತಿದರೆ ಉಸಿರು ವಾಲ್ವಿನಿಂದ ಅನ್ನನಾಳಕ್ಕೆ ನುಗ್ಗಿ ಅಲ್ಲಿ ಗುರುಗುಡುತ್ತದೆ. ಆ ಗುರುಗುಡುವಿಕೆಯೇ ಮಾತು. ಹಳೇ ಲಾರಿ ಚಳಿಯಲ್ಲಿ ಸ್ಟಾರ್ಟ್ ಆದ ಹಾಗೆ. ಆದರೂ ಮಾತು!

‘ಹ’ ಹೋದರೆ ಹೋಗಲಿ. ಇಡೀ ಅಕ್ಷರಮಾಲೆಯಲ್ಲಿ ಒಂದು ತಾನೆ.

ದಿನವೆಲ್ಲ ಮಾತಾಡಿದೆ. ಬಸ್ ಕಂಡಕ್ಟರ್ ಜೊತೆ, ಔಷಧಿ ಅಂಗಡಿಯವನ ಜೊತೆ, ರಾಂಗ್ ನಂಬರಿನ ಯಾರೋ ಹೆಂಗಸಿನ ಜೊತೆ. ಆಕೆ “ಸಿಗ್ನಲ್ ಸರಿ ಇಲ್ಲ” ಎಂದು ಇಟ್ಟುಬಿಟ್ಟಳು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಎರಡು ವರ್ಷ ಬಂಗಾರದ ಅಂಗಡಿ ಇಟ್ಟುಕೊಂಡಿದ್ದೆ. ಸಾಕು.

ಸಂಜೆ ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿದಳು. “ರೀ... ನಿಮಗೊಂದು ವಿಷಯ...” ಎಂದು ತಡವರಿಸಿದಳು. ಹೇಳು ಎಂದೆ. ಎದ್ದು ನಿಂತಳು.

“ಯಾಕೆ, ಏನಾಯ್ತು?”

ಅವಳಿಗೆ ‘ಏಳು’ ಎಂದು ಕೇಳಿಸಿದೆ. ಮತ್ತೆ ಹೇಳು ಎಂದೆ.

“ಎದ್ದಿದ್ದೀನಲ್ರೀ! ಇನ್ನೆಷ್ಟು ಏಳ್ಲಿ? ಸ್ಟೂಲ್ ಹತ್ಲಾ?”

ಇಬ್ಬರೂ ನಕ್ಕೆವು. ನಗುವಾಗ ನನಗೆ ಸದ್ದು ಬರುವುದಿಲ್ಲ, ತೂತಿನಿಂದ ಸೀಟಿ ಬರುತ್ತದೆ. ಅದಕ್ಕೆ ಅವಳು ಇನ್ನಷ್ಟು ನಕ್ಕಳು. ವಿಷಯ ಏನೆಂದು ಆಮೇಲೆ ಇಬ್ಬರಿಗೂ ಮರೆತುಹೋಯಿತು.

ಮಾರ್ಚ್ 5, ಬುಧವಾರ

ಗೋಡೌನ್‌ಗೆ ಹೋದೆ. ಮೇಸ್ತ್ರಿಯಾಗಿ, ಎರಡು ವರ್ಷದ ನಂತರ.

ನಮ್ಮದು ಭಾರದ ಸಾಮಾನು ಸಾಗಿಸುವ ತಂಡ. ಬೀರು, ತಿಜೋರಿ, ಮೆಷಿನ್ನು. ನನ್ನ ಹೆಂಡತಿಯ ತಮ್ಮ — ನನ್ನ ಬಾಮೈದ — ನಾನಿಲ್ಲದಾಗ ನಡೆಸಿಕೊಂಡು ಬಂದ. ಇನ್ನಿಬ್ಬರು: ಏಣಿ, ಗುಂಡ. ಯಾರು ಉದ್ದ ಯಾರು ಅಡ್ಡ ಎಂದು ಬರೆಯಬೇಕಾಗಿಲ್ಲ. ಜೊತೆಗೆ ಲಾರಿ ಡ್ರೈವರ್.

ಭಾರ ಎತ್ತುವುದು ನನ್ನಿಂದ ಇನ್ನು ಆಗದು. ಎತ್ತಬೇಕಾದರೆ ಉಸಿರು ಕಟ್ಟಬೇಕು. ಕುತ್ತಿಗೆಯಲ್ಲೇ ಬಾಗಿಲು ತೆರೆದಿರುವವನು ಉಸಿರು ಹೇಗೆ ಕಟ್ಟುತ್ತಾನೆ? ಉಳಿದದ್ದು ಕೂಗುವ ಕೆಲಸ. ಅದೇ ಮುಖ್ಯವಾದದ್ದು ಕೂಡ. ತಂಡದ ನಿಯಮ ಹಳೆಯದು — ಕಣ್ಣು ಹಗ್ಗದ ಮೇಲೆ, ಕಿವಿ ಮೇಸ್ತ್ರಿ ಮೇಲೆ. ಒಂದು ಕೆಲಸಕ್ಕೆ ಒಂದೇ ಗಂಟಲು.

ಟೀಚರ್ ಕೊಟ್ಟ ಪುಟ್ಟ ಸ್ಪೀಕರ್ ಸೊಂಟಕ್ಕೆ, ಮೈಕ್ ಬಾಯಿಗೆ, ಬೆರಳು ತೂತಿಗೆ. ಬಾಡಿಗೆ ಮನೆಯೊಂದರ ಬೀರು, ಮೆಟ್ಟಿಲ ತಿರುವು. ಗುಂಡನ ಕೈ ಜಾರುವುದು ಕಂಡಿತು. ಗಟ್ಟಿಯಾಗಿ “ಹಿಡಿ!” ಎಂದು ಕೂಗಿದೆ.

ಮೂವರೂ ಬೀರು ಕೆಳಗಿಟ್ಟರು. ಗುಂಡನ ಬೂಟಿನ ಮೇಲೆ.

ಗುಂಡ ಒಂಟಿ ಕಾಲಲ್ಲಿ ಕುಣಿಯುತ್ತಿದ್ದ. ಏಣಿ ಗಂಭೀರವಾಗಿ ಹೇಳಿದ, “ಮೇಸ್ತ್ರಿ, ನೀವು ‘ಇಡಿ’ ಅಂದ್ರಿ. ಇಷ್ಟು ವರ್ಷ ‘ಇಡೋ ಕತ್ತೆ’ ಅಂತಿದ್ರಿ. ಮೊದಲ್ನೇ ಸಲ ಮರ್ಯಾದೆ ಕೊಟ್ಟು ಹೇಳಿದ್ದೀರಾ, ಇಡದೆ ಇರೋಕಾಗುತ್ತಾ?”

ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂತೆವು. ಗುಂಡನ ಹೆಬ್ಬೆರಳು ಊದಿದೆ, ಮುರಿದಿಲ್ಲ. ಬಾಮೈದ ಮಾತ್ರ ಪೂರ್ತಿ ನಗಲಿಲ್ಲ.

ಮಾರ್ಚ್ 8, ಶನಿವಾರ

ದೊಡ್ಡ ಕೆಲಸ ಬಂದಿದೆ. ಪಿಯಾನೊ!

ಸಂಗೀತ ಶಾಲೆ ಕಟ್ಟಡ ಬದಲಿಸುತ್ತಿದೆ. ಮೂರನೇ ಮಹಡಿಯಲ್ಲಿ ಅಲ್ಲಿನ ಪಿಯಾನೊ ಮೇಡಂ ಕಲಿಸುವ ಗ್ರ್ಯಾಂಡ್ ಪಿಯಾನೊ. ಅದು ಮೇಲೆ ಹೋದ ಮೇಲೆ ಮೆಟ್ಟಿಲ ಪಕ್ಕ ಲಿಫ್ಟ್ ಕಟ್ಟಿದ್ದಾರೆ. ಈಗ ಮೆಟ್ಟಿಲಲ್ಲೂ ಹಿಡಿಸದು, ಲಿಫ್ಟಲ್ಲೂ ಹಿಡಿಸದು. ಕಿಟಕಿಯಿಂದ ಹಗ್ಗದಲ್ಲಿ ಇಳಿಸಬೇಕು. 23ರ ಭಾನುವಾರ, ರಸ್ತೆ ಖಾಲಿ ಇರುವಾಗ. ಹಗ್ಗ ಬಿಡುವವರು ಕೋಣೆಯ ಒಳಗೆ, ಅವರಿಗೆ ಪಿಯಾನೊ ಕಾಣುವುದಿಲ್ಲ. ಪಕ್ಕದ ಕಿಟಕಿಯಿಂದ ಬಗ್ಗಿ ನೋಡಿ ಕೂಗುವವನೇ ಅವರ ಕಣ್ಣು.

ಬಾಮೈದ ಹೇಳಿದ, “ಭಾವ, ಇದೊಂದನ್ನ ನಾನು ಕೂಗ್ತೀನಿ.”

“ಒಂದು ಕೆಲಸಕ್ಕೆ ಒಂದೇ ಗಂಟಲು,” ಎಂದೆ.

“ಅದೇ ನಾನು ಹೇಳ್ತಿರೋದು. ನಿಮಗೆ ಆ ಒಂದೂ ಇಲ್ವಲ್ಲ!”

ಹೇಳಿ ನಾಲಿಗೆ ಕಚ್ಚಿಕೊಂಡ. ನನಗೆ ಸೀಟಿ ಬಂತು. ನಗುವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಗೆ ಒಪ್ಪಂದ: ‘ಹ’ ಇಲ್ಲದ ಮಾತುಗಳು ನನ್ನ ಬಾಯಲ್ಲಿ ಕೂತರೆ ನಾನು. ಕೂರದಿದ್ದರೆ ಅವನು.

ಮಾರ್ಚ್ 10, ಸೋಮವಾರ

ಟೀಚರ್ ಜೊತೆ ಕೂತು ನಮ್ಮ ಕೂಗುಗಳನ್ನೆಲ್ಲ ಸೋಸಿದೆ. ನಮ್ಮ ಕಸುಬಿಗೆ ‘ಹ’ ಎಷ್ಟು ಬೇಕೆಂದು ಕೆಟ್ಟ ಮೇಲೆ ಬುದ್ಧಿ ಬಂತು. ‘ಹಗ್ಗ’ ಎಂದರೆ ‘ಅಗ್ಗ’ ಆಗುತ್ತದೆ. ‘ಹಿಂದೆ’ ಎಂದರೆ ‘ಇಂದೇ’. “ಅಗ್ಗ ಇಂದೇ!” — ಸೀರೆ ಅಂಗಡಿಯ ಬೋರ್ಡು.

ಹಗ್ಗಕ್ಕೆ ‘ದಾರ’ ಮಾಡಿದೆವು. ಹಿಂದೆಗೆ ‘ಬೆನ್ನು’. ‘ಹಿಡಿ’ಗೆ ಟೀಚರ್ “ಕಚ್ಚು” ಎಂದರು, ಹಲ್ಲು ಕಚ್ಚಿ ಹಿಡಿ ಅನ್ನುವಂತೆ. ಕೂಗಿದೆ. ‘ಗಚ್ಚು’ ಎಂದು ಬಂತು. ಇನ್ನೊಮ್ಮೆ. ಗಚ್ಚು. ವಾಲ್ವಿನ ಚಾಳಿ ಅಂತೆ, ‘ಕ’ ಕೊಟ್ಟರೆ ‘ಗ’ ಕೊಡುತ್ತದೆ.

ಮಧ್ಯಾಹ್ನ ಗೋಡೌನ್‌ನಲ್ಲಿ ಹೆದರುತ್ತಲೇ ಕೂಗಿ ತೋರಿಸಿದೆ.

“ಗಚ್ಚೇ ಇರ್ಲಿ ಮೇಸ್ತ್ರಿ,” ಎಂದ ಗುಂಡ. “ಗೋಡೆಗೆ ಗಚ್ಚು ಹಾಕ್ದಂಗೆ ಅಂಟ್ಕೋತೀವಿ.”

“ಪಿಯಾನೊ ಮೇಡಂ ಎದುರು ದಾರ ಅನ್ಬೇಡಿ,” ಎಂದ ಏಣಿ. “ದಾರದಲ್ಲಿ ಇಳಿಸ್ತಾರಂತೆ ಅಂತ ಪೊಲೀಸ್‌ಗೆ ಫೋನ್ ಮಾಡ್ತಾರೆ.”

ಖಾಲಿ ಡ್ರಮ್ಮಿಗೆ ಮರಳು ತುಂಬಿ ಹತ್ತು ಸಲ ಇಳಿಸಿದೆವು. ಒಂದು ಸಲವೂ ತಪ್ಪಲಿಲ್ಲ. ಬಾಮೈದ ಬಂದು ಬೆನ್ನು ತಟ್ಟಿದ. “ಕೂತ್ಕೊಂತು ಭಾವ. ನೀವೇ ಕೂಗಿ.” ಮನೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ಗಚ್ಚು, ಗಚ್ಚು. ನಾಯಿಯೊಂದು ಸ್ವಲ್ಪ ದೂರ ಜೊತೆಗೆ ಬಂತು.

ಮಾರ್ಚ್ 12, ಬುಧವಾರ. ಬೆಳಿಗ್ಗೆ

ವಾಲ್ವ್ ತೊಳೆಯುವ ಬ್ರಶ್‌ನಲ್ಲಿ ರಕ್ತ. ಸ್ವಲ್ಪವೇ. ಕನ್ನಡಿಯಲ್ಲಿ ನೋಡಿದೆ — ತೂತಿನ ಮೇಲಂಚಿನಲ್ಲಿ ಅಕ್ಕಿ ಕಾಳಿನಷ್ಟು ಉಬ್ಬು. ಬ್ರಶ್ ಗೀರಿರಬೇಕು.

ಅದೇ ದಿನ, ಸಂಜೆ

ಗೀರಿದ್ದಲ್ಲ. ಟೀಚರ್ ಟಾರ್ಚ್ ಬಿಟ್ಟು ನೋಡಿದರು. ಅಕ್ಷರ ತಿದ್ದುವ ಪುಸ್ತಕ ಮುಚ್ಚಿಟ್ಟರು. ಕೈ ಹಿಡಿದು ನೇರ ಸರ್ಜನ್ ಕೋಣೆಗೆ ಕರೆದೊಯ್ದರು. ಚೂರು ಮಾಂಸ ಚಿವುಟಿ ಲ್ಯಾಬ್‌ಗೆ ಕಳಿಸಿದ್ದಾರೆ. ಸ್ಕ್ಯಾನ್ ಶುಕ್ರವಾರ. ರಿಪೋರ್ಟ್ ಮಂಗಳವಾರ.

ಮಾರ್ಚ್ 18, ಮಂಗಳವಾರ

ಮತ್ತೆ ಬಂದಿದೆ. ತಿಳಿಸಿದವರು ಸರ್ಜನ್, ರಿಪೋರ್ಟನ್ನು ಮೇಜಿನ ಮೇಲೆ ನಮ್ಮ ಕಡೆ ತಿರುಗಿಸಿಟ್ಟು.

ತೂತಿನ ಅಂಚಿನಲ್ಲಿ. ಸ್ಕ್ಯಾನ್ ಪ್ರಕಾರ ಬೇರೆಲ್ಲೂ ಇಲ್ಲ. ಕತ್ತರಿಸಬಹುದು. ಆದರೆ ಅಗಲವಾಗಿ ಕತ್ತರಿಸಬೇಕು, ಎದೆಯಿಂದ ಮಾಂಸ ತಂದು ಮುಚ್ಚಬೇಕು, ಉಸಿರಿನ ತೂತನ್ನು ಕೆಳಗೆ ಸರಿಸಬೇಕು. ವಾಲ್ವ್ ತೆಗೆಯಬೇಕು.

“ಮಾತು?” ಎಂದೆ.

“ವಾಸಿಯಾದ ಮೇಲೆ ಮತ್ತೆ ವಾಲ್ವ್ ಕೂರಿಸೋಕಾಗುತ್ತೋ ಇಲ್ವೋ, ಈಗ್ಲೇ ಹೇಳೋಕಾಗಲ್ಲ. ಆಗದೇ ಇರೋ ಸಾಧ್ಯತೆ ಜಾಸ್ತಿ. ಸುಳ್ಳು ಹೇಳಲ್ಲ.”

“ಬಿಟ್ಟರೆ?”

“ಬಿಟ್ರೆ ಉಸಿರಿನ ದಾರೀನೇ ಮುಚ್ಚುತ್ತೆ.”

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಸರ್ಜನ್ ಕ್ಯಾಲೆಂಡರ್ ನೋಡಿದರು. ಈ ಶುಕ್ರವಾರ ಅಥವಾ ಮುಂದಿನ ವಾರ ಗುರುವಾರ. ಅಷ್ಟರಲ್ಲಿ ವ್ಯತ್ಯಾಸವೇನಿಲ್ಲ, ಅದಕ್ಕೂ ಮುಂದೆ ಬೇಡ.

“ಗುರುವಾರ,” ಎಂದೆ. “ಭಾನುವಾರ ಪಿಯಾನೊ ಇದೆ.”

ಅವರ ಮುಖ ಅರಳಿತು. “ಓ! ನೀವು ಪಿಯಾನೊ ನುಡಿಸ್ತೀರಾ?”

“ಇಲ್ಲ ಡಾಕ್ಟ್ರೇ. ಇಳಿಸ್ತೀನಿ.”

ಹೊರಗೆ ಬಂದ ಮೇಲೆ ಹೆಂಡತಿ ಬಯ್ದಳು, ಕಾರಿಡಾರ್‌ನಲ್ಲೇ, ವೀಲ್‌ಚೇರ್ ತಳ್ಳುವವರೆಲ್ಲ ನಿಂತು ನೋಡುವಂತೆ. “ಜೀವದ ಮಾತಾಡ್ತಿದ್ರೆ ಪಿಯಾನೊ ಅಂತಾರೆ! ಯಾರ್ರೀ ಅದು, ನಿಮ್ಮ ಅಜ್ಜಿ ಮನೆ ಪಿಯಾನೊನಾ?” ಬಸ್ಸಿನಲ್ಲಿ ಕೂತ ಮೇಲೆ ನನ್ನ ಕೈ ಹಿಡಿದುಕೊಂಡಳು. ಬೆರಳು ತೂತಿಗೆ ಒತ್ತುವ ಕೈ. ಮಾತಾಡಬೇಡ ಎಂದೋ ಏನೋ. ಇಳಿಯುವವರೆಗೂ ಬಿಡಲಿಲ್ಲ.

ನನಗೆ ಭಯವಿದೆ. ಬರೆದಿಟ್ಟಿದ್ದೇನೆ. ಆದರೆ ಭಾನುವಾರಕ್ಕೆ ಇನ್ನೂ ಗಂಟಲಿದೆ. ಒಂದು ವಾರದ ಗಂಟಲು! ಇದನ್ನು ಯೋಚಿಸಿದಾಗಲೆಲ್ಲ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಮಾರ್ಚ್ 20, ಗುರುವಾರ

ಬಾಮೈದನಿಗೆ ಅಕ್ಕ ಹೇಳಿದ್ದಾಳೆ. ಬೆಳಿಗ್ಗೆಯೇ ಬಂದ. ಟೀ ಕಪ್ ಪಕ್ಕಕ್ಕೆ ಸರಿಸಿದ.

“ಭಾವ, ರೆಸ್ಟ್ ತಗೊಳ್ಳಿ. ಭಾನುವಾರ ನಾನು ನೋಡ್ಕೋತೀನಿ.”

“ನೀನು ದಾರ ನೋಡ್ಕೋ.”

“ನಿಮ್ಮ ಜೊತೆ ವಾದ ಮಾಡೋಕೆ ನಂಗೇ ಗಂಟಲು ಸಾಲಲ್ಲ,” ಎಂದು ಎದ್ದ. ಬಾಗಿಲಲ್ಲಿ ನಿಂತು, “ಏಣಿಗೂ ಗುಂಡಂಗೂ ಹೇಳೋದಾ?” ಎಂದ.

ಭಾನುವಾರ ಆಗಲಿ ಎಂದೆ. ಕೈ ನಡುಗಿದರೆ ಹಗ್ಗಕ್ಕೆ ಗೊತ್ತಾಗುತ್ತದೆ.

ಮಧ್ಯಾಹ್ನ ಸಂಗೀತ ಶಾಲೆಗೆ ಹೋಗಿ ಅಳತೆ ತೆಗೆದೆ. ಪಿಯಾನೊ ಮೇಡಂಗೆ ವಯಸ್ಸಾಗಿದೆ, ಕಿವಿ ಚುರುಕು. ನನ್ನ ಮಾತು ಕೇಳಿದವರೇ ಬಾಮೈದನ ಕಡೆ ತಿರುಗಿ, “ಇವರೇನಾ ಕೂಗೋದು?” ಎಂದರು. ಇವನು, “ಇವರೇ. ನಾವೆಲ್ಲ ಬರೀ ಕಿವಿ,” ಎಂದ. ಅಕ್ಕನ ಗಂಡನಿಗೆ ಇಷ್ಟು ಮರ್ಯಾದೆ ಅವನು ಮದುವೆ ದಿನವೂ ಕೊಟ್ಟಿರಲಿಲ್ಲ.

ಮೇಡಂ ನನ್ನನ್ನೇ ನೋಡಿದರು. “ಏನಾದ್ರೂ ಎಳೆದು ಮಾತಾಡಿ.” “ಗಚ್ಚೂ...” ಎಂದೆ. ಪಿಯಾನೊದ ಎಡತುದಿಗೆ ಹೋಗಿ ಒಂದು ಮನೆ, ಅಂದರೆ ಕೀ, ಒತ್ತಿದರು. ಇನ್ನೊಂದು. ಮೂರನೆಯದಕ್ಕೆ ನಿಂತರು. ನೆಲ ಗುರುಗುಟ್ಟಿತು.

“ಇಲ್ಲಿದ್ದೀರಿ ನೋಡಿ,” ಎಂದರು.

ನಾನೇ! ಅದೇ ಲಾರಿ. ಅಷ್ಟು ದೊಡ್ಡ ಪಿಯಾನೊದಲ್ಲಿ ನನಗೂ ಒಂದು ಮನೆ ಇದೆ.

ಮಾರ್ಚ್ 23, ಭಾನುವಾರ. ಸಂಜೆ 5

ಪಿಯಾನೊ ಇಳಿಯಿತು. ಒಂದು ಗೀರೂ ಇಲ್ಲ. ಖಚಿತಪಡಿಸಿದವರು ಪಿಯಾನೊ ಮೇಡಂ, ಭೂತಗನ್ನಡಿ ಹಿಡಿದು.

ಬರೆಯುತ್ತಿರುವಾಗಲೂ ಕೈ ಓಡುತ್ತಿದೆ. ಕ್ರಮವಾಗಿ ಬರೆಯಬೇಕು.

ಕಾಲು ಬಿಚ್ಚಿ, ರಜಾಯಿ ಸುತ್ತಿ, ಹಲಗೆಗೆ ಬಿಗಿದು ಕಿಟಕಿಗೆ ತಂದೆವು. ಹೊರಚಾಚಿದ ಕಬ್ಬಿಣದ ತೊಲೆ, ಅದಕ್ಕೆ ರಾಟೆ. ಹಗ್ಗ ಕೋಣೆಯ ಪಿಲ್ಲರ್‌ಗೆ ಎರಡು ಸುತ್ತು. ಹಗ್ಗದಲ್ಲಿ ಬಾಮೈದ, ಏಣಿ, ಗುಂಡ. ಕೆಳಗೆ ಲಾರಿ, ಹಲಗೆಗೆ ಕಟ್ಟಿದ ಇನ್ನೊಂದು ಹಗ್ಗದ ತುದಿ ಹಿಡಿದ ಡ್ರೈವರ್. ನಾನು ಪಕ್ಕದ ಕಿಟಕಿಯಲ್ಲಿ, ಅರ್ಧ ಮೈ ಹೊರಗೆ. ಬಲಗೈ ತೂತಿಗೆ, ಎಡಗೈ ಕಿಟಕಿ ಚೌಕಟ್ಟಿಗೆ.

“ದಾರ ಬಿಡು. ನಿಧಾನ. ಬಿಡು... ಗಚ್ಚು!” ನಿಂತಿತು. “ಬಿಡು.” ಇಳಿಯಿತು. ಎಷ್ಟು ಚೆಂದ! ನಾನು ಆಡಿದ ಮಾತು ಅಷ್ಟು ದೊಡ್ಡ ವಸ್ತುವಿನ ಮೇಲೆ ಹೋಗಿ ಕೂರುತ್ತಿತ್ತು. ಬೀದಿಯಲ್ಲಿ ಹತ್ತಾರು ಜನ ಕುತ್ತಿಗೆ ಎತ್ತಿ ನಿಂತಿದ್ದರು. ಲೌಡ್‌ಸ್ಪೀಕರ್ ಕೆಟ್ಟಿದೆ ಎಂದು ಯಾರೋ ಹೇಳಿದ್ದು ಕೇಳಿಸಿತು. ಕೆಟ್ಟಿಲ್ಲ ಕಣಯ್ಯಾ, ಅದೇ ನಾನು.

ಎರಡನೇ ಮಹಡಿ ದಾಟಿತು. ಆಗ ಗಾಳಿ. ಪಿಯಾನೊ ಮೆಲ್ಲಗೆ ತಿರುಗಿ, ಹಲಗೆಯ ಮೂಲೆ ಮೊದಲ ಮಹಡಿಯ ಸಜ್ಜಾ ಮೇಲೆ ಕೂತಿತು. ಇನ್ನು ಒಂದು ಗೇಣು ಹಗ್ಗ ಬಿಟ್ಟರೆ ವಾಲಿ ತಲೆಕೆಳಗು. ಕೆಳಗೆ ಡ್ರೈವರ್.

ಬಾಯಿಗೆ ಬಂದದ್ದು ಹಳೇ ಮಾತು. ಇಪ್ಪತ್ತೈದು ವರ್ಷದ ಅಭ್ಯಾಸ. “ಹಿಡಿ!”

ಬಂದದ್ದು ಕೇಳಿಸಿತು. ನನಗೇ ಕೇಳಿಸಿತು. “ಇಡಿ!”

ಕಣ್ಣು ಮುಚ್ಚಿದೆ. ಸದ್ದಿಲ್ಲ. ತೆರೆದೆ. ಪಿಯಾನೊ ಅಲ್ಲೇ ಇತ್ತು. ತಿರುಗಿ ನೋಡಿದೆ: ಮೂವರೂ ಹಗ್ಗಕ್ಕೆ ಬೆನ್ನೊತ್ತಿ, ಹಲ್ಲು ಕಚ್ಚಿ, ಗೋಡೆಗೆ ಗಚ್ಚು ಹಾಕಿದ ಹಾಗೆ.

“ಎಳಿ. ಒಂದು ಗೇಣು.” ಎಳೆದರು. ಡ್ರೈವರ್ ಕೆಳಗಿನ ಹಗ್ಗದಿಂದ ಹೊರಕ್ಕೆ ಜಗ್ಗಿದ. ಸಜ್ಜಾ ಬಿಟ್ಟಿತು. ಆಮೇಲೆ ಲಾರಿಯ ಮೇಲೆ ಕೂರುವವರೆಗೂ ಎಣ್ಣೆಯಂತೆ ಇಳಿಯಿತು.

ಮೆಟ್ಟಿಲಲ್ಲಿ ಏಣಿಯನ್ನು ನಿಲ್ಲಿಸಿ ಕೇಳಿದೆ, ಯಾಕೆ ಬಿಡಲಿಲ್ಲ ಎಂದು.

“‘ಇಡೋ ಕತ್ತೆ’ ಅಂದಿದ್ರೆ ಬಿಟ್ಟೇ ಬಿಡ್ತಿದ್ವಿ ಮೇಸ್ತ್ರಿ. ‘ಇಡಿ’ ಅಂದ್ರಿ. ನಮಗೆ ಮರ್ಯಾದೆ ಕೊಡೋ ಜನಾನಾ ನೀವು? ಅದು ‘ಹಿಡಿ’ನೇ ಅಂತ ಗೊತ್ತಾಗೋಯ್ತು.”

ಗುಂಡ ಸೇರಿಸಿದ, “ನನ್ನ ಹೆಬ್ಬೆರಳಿಗೂ ಗೊತ್ತಾಯ್ತು.”

ಎಷ್ಟು ಸೀಟಿ ಬಂತೆಂದರೆ ಪಿಯಾನೊ ಮೇಡಂ ಆಂಬುಲೆನ್ಸ್ ಬೇಕಾ ಎಂದು ಕೇಳಿದರು. ಲಾರಿ ಹತ್ತಿ, ರಜಾಯಿ ಸರಿಸಿ, ಬೀದಿಯ ಮಧ್ಯೆಯೇ ಎಡತುದಿಯ ಆ ಮನೆ ಒತ್ತಿದರು. ಒಳಗೇನೋ ಅಲುಗಿತ್ತೇನೋ, ಸ್ವಲ್ಪ ಒಡಕು. ನನ್ನ ಹಾಗೆ. ಇನ್ನಷ್ಟು ನನ್ನ ಹಾಗೆ.

ಮನೆಗೆ ಬಂದು ನೋಡಿದರೆ ತೂತು ಮುಚ್ಚುವ ಕುತ್ತಿಗೆ ಬಟ್ಟೆಯಲ್ಲಿ ರಕ್ತ. ಬದಲಿಸಿದೆ.

ಮಾರ್ಚ್ 24, ಸೋಮವಾರ

ತಂಡಕ್ಕೆ ಹೇಳಿದೆ. ನಾನೇ, ನನ್ನ ಬಾಯಿಂದ. ಗುಂಡ ಎದ್ದು ಹೊರಗೆ ಹೋದ. ಏಣಿ ಹಗ್ಗ ಸುತ್ತಿಟ್ಟ. “ಬೇಗ ಬನ್ನಿ. ಬಯ್ಯೋರಿಲ್ಲದೆ ಇರೋಕಾಗಲ್ಲ,” ಎಂದ.

ಸಂಜೆ ಗೋಡೌನ್ ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದೆ. ಒಳಗೆ ತಿಜೋರಿ ಸರಿಸುತ್ತಿದ್ದರು. ಬಾಮೈದನ ಗಂಟಲು, ಕಂಚಿನ ಗಂಟಲು, ‘ಹ’ ಸಮೇತ ಎಲ್ಲ ಅಕ್ಷರವೂ ಇರುವ ಗಂಟಲು ಕೂಗಿತು:

“ದಾರ ಬಿಡು! ಬೆನ್ನು ಕಡೆ! ಗಚ್ಚು!”

ಒಂದು ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದೆ.

ಮಾರ್ಚ್ 25, ಮಂಗಳವಾರ

ಹೆಂಡತಿ ಕುತ್ತಿಗೆ ಬಟ್ಟೆಗಳನ್ನು ಹೊಸದಾಗಿ ಹೊಲಿಯುತ್ತಿದ್ದಾಳೆ. ತೂತು ಕೆಳಗೆ ಸರಿಯುತ್ತದಲ್ಲ, ಅಳತೆ ಬದಲು. ನನ್ನ ಎದೆಯ ಮೇಲೆ ಟೇಪ್ ಇಟ್ಟು ಅಳೆದಳು.

ಅವತ್ತು ಅರ್ಧಕ್ಕೆ ನಿಂತ ವಿಷಯ ನೆನಪಾಯಿತು.

“ಏಳು,” ಎಂದೆ.

ಈ ಸಲ ಏಳಲಿಲ್ಲ. ಟೇಪ್ ಕೆಳಗಿಟ್ಟು ಹೇಳಿದಳು.

“ಅವತ್ತು ನಿಮ್ಮ ಕುತ್ತಿಗೆ ಬಟ್ಟೆ ಒಗೀವಾಗ ಒಂದು ಚುಕ್ಕೆ ರಕ್ತ ನೋಡಿದ್ದೆ. ಹೇಳೋಣ ಅಂತ ಬಂದೆ. ನೀವು ಮಗು ಥರ ಮಾತಾಡ್ತಾ ಇದ್ರಿ. ರಾಂಗ್ ನಂಬರ್ ಜೊತೆ ಬೇರೆ. ಇನ್ನೊಂದು ದಿನ ಮಾತಾಡ್ಲಿ ಬಿಡು ಅಂದ್ಕೊಂಡೆ. ಆಮೇಲೆ ಇನ್ನೊಂದು ದಿನ. ಮರ್ತಿರ್ಲಿಲ್ಲ ಕಣ್ರೀ.”

ಒಂಬತ್ತು ದಿನ ಒಬ್ಬಳೇ ಹೊತ್ತಿದ್ದಾಳೆ. ಭಾರ ಹೊರುವ ಕಸುಬು ನನ್ನದು ಅಂದುಕೊಂಡಿದ್ದೆ. ಆ ದಿನಗಳಿಂದ ಏನೂ ವ್ಯತ್ಯಾಸವಾಗಿಲ್ಲ, ಒಂದು ವಾರ ತಡವಾದರೂ ಪರವಾಗಿಲ್ಲ ಅಂತ ಸರ್ಜನ್ನೇ ಅಂದರಲ್ಲ ಎಂದೆ. ಆಗಿದೆ ಎಂದೂ ಹೇಳಿದೆ. ಗಚ್ಚು ಸಿಕ್ಕಿತು. ಪಿಯಾನೊ ಸಿಕ್ಕಿತು.

“ಇನ್ನೂ ಏನಾದ್ರೂ ಮಾತಾಡ್ರೀ,” ಎಂದಳು. “ಯಾವುದಾದ್ರೂ ಸರಿ.”

ಪೇಪರ್ ಓದಿದೆ. ಮೊದಲ ಪುಟದಿಂದ ಕ್ರೀಡಾ ಪುಟದವರೆಗೆ, ಜೋರಾಗಿ, ವರ್ಗೀಕೃತ ಜಾಹೀರಾತೂ ಬಿಡದೆ. ‘ಹ’ ಬಂದಲ್ಲೆಲ್ಲ ಅವಳು ತುಂಬಿಸಿದಳು. ಮೆಷಿನ್ ತುಳಿಯುತ್ತಲೇ — “ಹ”. ಹವಾಮಾನ ವರದಿಗೆ ಇಬ್ಬರೂ ಸೇರಿ ಬೇಕಾಯಿತು.

ಮಾರ್ಚ್ 26, ಬುಧವಾರ

ಅಡ್ಮಿಟ್ ಆದೆ. ಹಾಸಿಗೆ ಕಿಟಕಿ ಪಕ್ಕ. ಬಾಮೈದ, ಏಣಿ, ಗುಂಡ ಬಂದು ಹೋದರು. ಮಂಚ ಸರಿಯಾಗಿ ಇಟ್ಟಿಲ್ಲ ಎಂದು ಎತ್ತಿ ಬೇರೆ ಕಡೆ ಇಟ್ಟರು, ನಾನು ಮಲಗಿದ್ದ ಹಾಗೇ. ಕೂಗಿದ್ದು ನಾನು. ನರ್ಸ್ ಬಯ್ದರು.

ಟೀಚರ್ ಬಂದರು. ಸ್ಪೀಕರ್ ವಾಪಸ್ ಕೊಡಲು ಹೋದೆ. ಇಟ್ಟುಕೊಳ್ಳಿ ಎಂದರು.

ಆಪರೇಷನ್ ನಾಳೆ. ತಿಳಿಸಿದವರು ವಾರ್ಡಿನ ನರ್ಸ್. ಸಮಯ ಬೆಳಿಗ್ಗೆ ಏಳು.